ಚಿಕ್ಕತ್ತೆಯ ರುಜು

ಹುಲಿಕುಂಟೆಯ ಚಿಕ್ಕಹನುಮಯ್ಯನವರಿಗೆ ಇಬ್ಬರು ಹೆಂಡತಿಯರು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮನೆಯೊಳಗೆ ಮಾತ್ರ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಿರಿಯವಳು ಹನುಮಕ್ಕ. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದಿದ್ದಾಗ ಅವಳೇ ತವರುಮನೆ ಬಲಸಮುದ್ರಕ್ಕೆ ಹೋಗಿ, ಕಡಲೆಕಾಯಿ ಕೀಳುವ ಕೆಲಸಕ್ಕೆ ಒಂದು ತಿಂಗಳು ಇರಲಿ ಎಂದು ಹೇಳಿ ತಂಗಿಯನ್ನು ಕರೆತಂದಿದ್ದಳು. ಲಕ್ಷ್ಮೀದೇವಿಗೆ ಆಗ ಹದಿನಾರು. ತಿಂಗಳು ತುಂಬುವ ಮೊದಲೇ ಮನೆದೇವರ ಗುಡಿಯಲ್ಲಿ ಅವಳ ಕೊರಳಿಗೆ ಅರಿಶಿನದ ಕೊಂಬು ಬಿತ್ತು. ಮರುವರ್ಷ ಅವಳಿಗೆ ಗಂಡುಮಗು ಹುಟ್ಟಿತು. ಮಗುವನ್ನು ಹನುಮಕ್ಕನ ಮಡಿಲಿಗೆ ಹಾಕಿದರು. ಸ್ಕೂಲಿಗೆ ಸೇರಿಸುವಾಗ ತಾಯಿಯ ಹೆಸರು ಹನುಮಕ್ಕ ಎಂದೇ ಬರೆಸಿದರು. ಪ್ರಸನ್ನ ಕುಮಾರ್ ತನ್ನನ್ನು ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆಯುತ್ತಲೇ ಬೆಳೆದು, ಓದಿ, ಶಿರಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ. ಈಗ ಅವನಿಗೆ ನಲವತ್ತೈದು.

ಅವನ ಹೆಂಡತಿ ವನಜಾಕ್ಷಿ ಮಧುಗಿರಿಯವಳು. ಶಿರಾದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಮದುವೆಯಾದ ಮೂರನೇ ತಿಂಗಳು ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಈ ವಿಷಯವನ್ನೆಲ್ಲ ಅವಳ ಕಿವಿಗೆ ಹಾಕಿದ್ದಳು. ಗಂಡನನ್ನು ಕೇಳಿದಾಗ ಅವನು ಶರಟಿನ ಗುಂಡಿ ಹಾಕಿಕೊಳ್ಳುತ್ತ, "ಗೊತ್ತು. ಅದನ್ನೆಲ್ಲ ಕೆದಕಬೇಡ," ಎಂದಿದ್ದ. ಅವಳು ಕೆದಕಲಿಲ್ಲ. ಕೆದಕುವ ಅಗತ್ಯವೂ ಬೀಳಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಏಳೂಮುಕ್ಕಾಲಿನ ಬಸ್ಸಿಗೆ ಮೂವರ ಡಬ್ಬಿ ಕಟ್ಟಿಡುತ್ತಿದ್ದವಳು ಚಿಕ್ಕತ್ತೆ ಲಕ್ಷ್ಮೀದೇವಿ. ಅವಳಿದ್ದಳೆಂದೇ ವನಜಾಕ್ಷಿ ಹದಿನೆಂಟು ವರ್ಷ ನೆಮ್ಮದಿಯಾಗಿ ಕೆಲಸಕ್ಕೆ ಹೋಗಿಬಂದಳು.

ಆ ವರ್ಷದ ಮಾಘದಲ್ಲಿ ಶಿರಾದ ಒಂದು ಯುವಕರ ಸಂಘ ಕಾಲೇಜು ಮಕ್ಕಳಿಗೆ ಚರ್ಚಾಸ್ಪರ್ಧೆ ಇಟ್ಟಿತು. ಊರಿನ ಕೋಟೆಯಲ್ಲಿ ಮೊಗಲರ ಸುಬೇದಾರರು ಇದ್ದುಹೋದವರಾದ್ದರಿಂದ ವಿಷಯವೂ ಅದಕ್ಕೆ ತಕ್ಕ ಹಾಗೇ ಇತ್ತು: 'ಅಕ್ಬರ್ ಬಾದಶಹ ಹೆಂಗಸರ ಪಾಲಿಗೆ ನ್ಯಾಯವಂತನೇ?' ವನಜಾಕ್ಷಿಯ ಮಗಳು ಧನಲಕ್ಷ್ಮಿ ಎರಡನೇ ಪಿಯುಸಿ ಓದುತ್ತಿದ್ದಳು. ಅವಳ ಪಾಲಿಗೆ ವಿರೋಧದ ಪಕ್ಷ ಬಂತು.

ಎಲ್ಲರಿಗಿಂತ ಹೆಚ್ಚು ಹುರುಪು ಬಂದದ್ದು ಅಜ್ಜನಿಗೆ. ಸಂಜೆ ಊಟಕ್ಕೆ ಕೂತಾಗ ಅದೇ ಮಾತು.

"ಬರ್ಕ ಮಗ," ಎಂದರು ಚಿಕ್ಕಹನುಮಯ್ಯ, ಮುದ್ದೆ ಮುರಿಯುತ್ತ. "ನೂರಾರು ಹೆಂಡ್ರನ್ನ ಕೂಡಾಕಿದ್ನಂತೆ. ಅವನೇನು ಮನುಷ್ಯನಾ, ಹೋರಿಯಾ? ಇದನ್ನೇ ಮೊದ್ಲು ಹೇಳು. ಚಪ್ಪಾಳೆ ಬೀಳ್ತವೆ."

"ಮಾವ, ಎಷ್ಟು ಜನ ಅಂತ ಹೇಳಿ ನಗಿಸಿದ್ರೆ ಆಗಲ್ಲ," ಎಂದಳು ವನಜಾಕ್ಷಿ. "ಗಂಡ ಸತ್ತ ಹೆಂಗಸನ್ನ ಬಲವಂತವಾಗಿ ಚಿತೆಗೆ ತಳ್ಳೋದನ್ನ ಅವನು ತಡೆದಿದಾನೆ. ಹುಡುಗಿಗೆ ಹದಿನಾಲ್ಕಾದ್ರೂ ಆಗದೆ ಮದುವೆ ಮಾಡಬಾರದು ಅಂದಿದಾನೆ. ಆ ಕಾಲಕ್ಕೆ ಅದು ಸಣ್ಣದಲ್ಲ. ಇನ್ನೊಂದು ಕಡೆ, ಸೋತ ರಾಜರ ಹೆಣ್ಣುಮಕ್ಕಳನ್ನ ಒಪ್ಪಂದದ ಕಾಗದದ ಹಾಗೆ ತಗೊಂಡಿದಾನೆ. ಎರಡನ್ನೂ ತಕ್ಕಡಿಗೆ ಹಾಕಬೇಕು."

"ತಕ್ಕಡಿ ಎಲ್ಲ ಯಾಕೆ? ವಿರೋಧ ಅಂದ್ರೆ ವಿರೋಧ ಕಣಮ್ಮ."

ಒಲೆಯ ಪಕ್ಕದಲ್ಲಿ ನಿಂತಿದ್ದ ಲಕ್ಷ್ಮೀದೇವಿ ಇದ್ದಕ್ಕಿದ್ದ ಹಾಗೆ ಕೇಳಿದಳು: "ಅಷ್ಟೊಂದು ಹೆಂಗಸ್ರು ಅಲ್ಲೇನು ಮಾಡ್ತಿದ್ರು ವನಜಾ? ಹೊಟ್ಟೆಗೆ ಹೆಂಗೆ?"

"ಎಲ್ಲರಿಗೂ ತಿಂಗಳ ಸಂಬಳ ಇತ್ತಂತೆ ಚಿಕ್ಕತ್ತೆ. ಒಬ್ಬೊಬ್ಬರಿಗೆ ಒಂದೊಂದು ಬೇರೆ ಕೋಣೆ."

"ಸಂಬ್ಳ ಬ್ಯಾರೆ," ಎಂದಳು ಲಕ್ಷ್ಮೀದೇವಿ. ಅಷ್ಟೇ ಹೇಳಿ, ಪ್ರಸನ್ನನ ತಟ್ಟೆಗೆ ಹುರುಳಿಕಾಳಿನ ಬಸ್ಸಾರು ಬಿಟ್ಟಳು. ಅವಳು ಮಲಗುತ್ತಿದ್ದದ್ದು ರಾಗಿಮೂಟೆಗಳ ಕೋಣೆಯಲ್ಲಿ.

ಧನಲಕ್ಷ್ಮಿ ಪಕ್ಕದಲ್ಲಿಟ್ಟುಕೊಂಡಿದ್ದ ಟಿಪ್ಪಣಿ ನೋಡಿ ಓದಿದಳು. "ಇಲ್ಲೊಂದಿದೆ ನೋಡು ತಾತ. ಮಕ್ಕಳಾಗದೆ ಇದ್ರೆ ಹೊರತು ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ ಸಾಕು ಅಂತ ಜನಕ್ಕೆ ಅವನ ಕಟ್ಟಳೆ ಇತ್ತಂತೆ."

ಚಿಕ್ಕಹನುಮಯ್ಯನವರ ಕೈ ಬಾಯಿಯ ಹತ್ತಿರ ನಿಂತಿತು. "ಅಂಗಂದಿದ್ನಾ? ಮಕ್ಕಳಾಗದಿದ್ರೆ ತರ್ಬೋದು ಅಂತ?"

"ಹೂಂ."

"ಹಂಗಾದ್ರೆ ತಿಳಿದೋನೇ ಬುಡು."

"ಈಗ ತಾನೆ ಹೋರಿ ಅಂದೆಯಲ್ಲ ತಾತ."

"ಲೇ, ಸುಮ್ನೆ ಉಣ್ಣು."

ಹುಡುಗಿ ಸುಮ್ಮನಿರಲಿಲ್ಲ. "ಮಕ್ಕಳಾಗದಿದ್ರೆ ಅಂತ ಗಂಡಸಿಗೆ ರಿಯಾಯ್ತಿ ಕೊಟ್ಟ, ಸರಿ. ತರೋ ಹುಡುಗಿನ ಯಾರಾದ್ರೂ ಕೇಳಿದ್ರಾ?" ಎಂದು ಹೇಳಿ ಒಲೆಯ ಕಡೆಗೆ ನೋಡಿದಳು.

ಅಜ್ಜ ತಟ್ಟೆಯನ್ನು ಎಡಗೈಯಿಂದ ದೂಡಿದರು. ಮುದ್ದೆ ಅರ್ಧ ಹಾಗೇ ಇತ್ತು. "ನಾನೇನು ಯುದ್ಧ ಮಾಡಿ ಹೊತ್ಕಂಡು ಬಂದ್ನಾ? ನಿಮ್ಮಜ್ಜಿನೇ ಕರ್ಕಂಡು ಬಂದ್ಲು. ನಲವತ್ತಾರು ವರ್ಷ ಯುಗಾದಿಗೆ ಎರಡು ಸೀರೆ ತಂದಿದೀನಿ, ಎರಡೂ ಒಂದೇ ಬೆಲೆದು. ಒಂದು ಕೂದ್ಲೆಳೆ ಹೆಚ್ಚುಕಮ್ಮಿ ಮಾಡಿಲ್ಲ. ನನ್ನ ತಗಂಡೋಗಿ ಆ ಬಾದಶಾನ ಪಕ್ಕ ಕೂರಿಸ್ತೀಯಾ?"

"ಎರಡ್ರಾಗೆ ಯಾವುದು ಬೇಕು ಅಂತ ಮೊದ್ಲು ಅಕ್ಕ ಎತ್ಕಂತಿದ್ಲು," ಎಂದಳು ಲಕ್ಷ್ಮೀದೇವಿ ಯಾರನ್ನೂ ನೋಡದೆ. "ಉಳಿದದ್ದು ನಂದು."

ಹನುಮಕ್ಕ ಉಣ್ಣುತ್ತ ಕೂತಿದ್ದವಳು ತಲೆಯೆತ್ತಿದಳು. ತಂಗಿಯ ಮೇಲೆ ಸಿಟ್ಟು ಬಂದಾಗ ಅವಳ ಬಾಯಲ್ಲಿ ತವರಿನ ತೆಲುಗೇ ಬರುತ್ತಿತ್ತು. "ನೋರು ಮುಯ್ಯವೇ," ಎಂದಳು. ಬಾಯಿ ಮುಚ್ಚು ಅಂತ. ಲಕ್ಷ್ಮೀದೇವಿ ಮುಚ್ಚಿದಳು.

ಮಾರನೆಯ ಭಾನುವಾರ ಪಡಸಾಲೆಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತ ಕೂತಿದ್ದಾಗ ಧನಲಕ್ಷ್ಮಿ ಚಿಕ್ಕಜ್ಜಿಯ ಪಕ್ಕ ಬಂದು ಕೂತಳು. ವನಜಾಕ್ಷಿ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಮಾತು ಕೇಳುತ್ತಿತ್ತು.

"ನಿನ್ನ ಕೇಳಿದ್ರಾ ಚಿಕ್ಕಜ್ಜಿ, ಮದುವೆಗೆ ಮುಂಚೆ?"

"ಯಾರು ಕೇಳ್ತಾರವ್ವ. ಅಕ್ಕ ಹೊಸ ಲಂಗ ತಂದ್ಕೊಟ್ಲು. ಚೆನ್ನಾಗಿತ್ತು, ಹಸಿರಂದು. ನಾನು ಕೆಲ್ಸ ಮಾಡಿದ್ದಕ್ಕೆ ಕೊಟ್ಲು ಅಂದ್ಕಂಡೆ. ಗುಡಿಗೆ ಹೋಗಿ ಕೂತ್ಮೇಲೆ ಗೊತ್ತಾಯ್ತು."

"ಓಡಿ ಹೋಗಬೇಕು ಅನ್ನಿಸ್ಲಿಲ್ವಾ?"

"ಎಲ್ಲಿಗೆ? ಬಲಸಮುದ್ರಕ್ಕೆ ಬಸ್ಸಿಗೆ ಕಾಸಿರ್ಲಿಲ್ಲ." ಅವಳು ಸಿಪ್ಪೆಯನ್ನು ಮೊರದ ಒಂದು ಬದಿಗೆ ಸರಿಸಿದಳು. "ನೋಡವ್ವ, ನಿಮ್ ತಾತ ಹೊಡೀಲಿಲ್ಲ, ಬೈಲಿಲ್ಲ. ಜ್ವರ ಬಂದ್ರೆ ಶಿರಾಕ್ಕೆ ಕರ್ಕಂಡೋಗಿ ಸೂಜಿ ಹಾಕಿಸ್ತಿದ್ರು. ಅದನ್ನೂ ಬರ್ಕ. ಬರೀ ಕೆಟ್ಟದ್ದು ಬರಕಂಡ್ರೆ ಸುಳ್ಳಾಯ್ತದೆ."

"ಮತ್ತೆ ನಮ್ಮಪ್ಪನ್ನ ಅಜ್ಜಿಗೆ ಕೊಟ್ಟಾಗ?"

ಕಡಲೆಕಾಯಿ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ವನಜಾಕ್ಷಿ ಪೆನ್ನು ಹಿಡಿದು ಹಾಗೇ ಕಾದಳು. ಮೊರ ತುಂಬಿದ ಮೇಲೆ ಲಕ್ಷ್ಮೀದೇವಿ, "ಹಾಲು ಮಾತ್ರ ಆರು ತಿಂಗ್ಳು ನಂದೇ ಕುಡ್ದ," ಎಂದಳು.

ಸ್ಪರ್ಧೆಯ ದಿನ ಚಿಕ್ಕಹನುಮಯ್ಯ ಒಗೆದ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೊನ್ನೆಯ ಸಿಟ್ಟು ಇಳಿದಿತ್ತು. ಮೊಮ್ಮಗಳು ಮೈಕಿನ ಮುಂದೆ ನಿಲ್ಲುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಊರಿನ ಐದಾರು ಜನರನ್ನೂ ಕರೆದುಕೊಂಡು ಬಂದಿದ್ದರು. ತೀರ್ಪುಗಾರರು ರುದ್ರಮುನಿ ಎಂಬ ನಿವೃತ್ತ ಮೇಷ್ಟ್ರು.

ಧನಲಕ್ಷ್ಮಿಗಿಂತ ಮೊದಲು ಮಾತಾಡಿದ ಹುಡುಗರು ಬಾದಶಹನನ್ನು ಒಂದೇ ಉಸಿರಿಗೆ ದೇವರನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡಿ ಇಳಿದಿದ್ದರು. ಇವಳು ಅಮ್ಮ ಹೇಳಿಕೊಟ್ಟ ಹಾಗೆ ಒಂದೊಂದನ್ನೂ ತೂಗಿದಳು. ಸಹಗಮನ ತಡೆದದ್ದನ್ನು ಹೇಳಿದಳು. ಹಿಂದೂ ರಾಣಿಯರು ಅರಮನೆಯಲ್ಲಿ ತಮ್ಮ ದೇವರನ್ನು ತಾವು ಪೂಜಿಸಬಹುದಾಗಿದ್ದನ್ನು ಹೇಳಿದಳು. ಜನಕ್ಕೆ ಒಬ್ಬಳು ಸಾಕು ಅಂದವನು ತನಗೆ ಮಾತ್ರ ಆ ಕಟ್ಟಳೆ ಇಟ್ಟುಕೊಳ್ಳಲಿಲ್ಲ ಎಂದಾಗ ಸಭೆಯಲ್ಲಿ ನಗು ಎದ್ದಿತು. ಅಜ್ಜನೂ ನಕ್ಕರು.

"ಪಟ್ಟಕ್ಕೆ ಬರೋ ಮಗನನ್ನ ಹೆತ್ತವಳ ಹುಟ್ಟುಹೆಸರು ಏನು ಅಂತ ಅವನ ಆಸ್ಥಾನದವರು ಬರೆದಿಡಲಿಲ್ಲ," ಎಂದಳು ಧನಲಕ್ಷ್ಮಿ ಕೊನೆಗೆ. "ಅವಳಿಗೆ ಬಿರುದು ಇದೆ, ಗೋರಿ ಇದೆ. ಹೆಸರಿನ ಬಗ್ಗೆ ಇವತ್ತಿಗೂ ಜಗಳ. ನನ್ನ ಪ್ರಕಾರ ಅವನು ಕೆಟ್ಟವನಲ್ಲ. ತನ್ನ ಕಾಲದ ಎಷ್ಟೋ ದೊರೆಗಳಿಗಿಂತ ಒಳ್ಳೆಯವನು. ಆದರೆ ನ್ಯಾಯವಂತ ಅಲ್ಲ. ಅವನನ್ನ ಬೈದು ನಾವು ಮನೆಗೆ ಹೋಗಿ ಹಾಯಾಗಿ ಮಲಗೋ ಹಾಗಿಲ್ಲ. ಮಗನನ್ನ ಹೆತ್ತವಳ ಹೆಸರು ಬರೆಯದ ಮನೆ ಆಗ್ರಾದಲ್ಲಿ ಮಾತ್ರ ಇರಲಿಲ್ಲ. ನಮ್ಮ ತಾಲ್ಲೂಕಲ್ಲೂ ಇದೆ. ನಮ್ಮನೇಲೇ ಇದೆ."

ಈ ಕೊನೆಯ ಮಾತು ವನಜಾಕ್ಷಿ ಹೇಳಿಕೊಟ್ಟದ್ದಲ್ಲ. ಹುಲಿಕುಂಟೆಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಹನುಮಯ್ಯ ವಲ್ಲಿಯಿಂದ ಮುಖ ಒರೆಸಿಕೊಂಡು ಎದ್ದು, ಬಹುಮಾನ ಕೊಡುವವರೆಗೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟರು. ಧನಲಕ್ಷ್ಮಿಗೆ ಎರಡನೇ ಬಹುಮಾನ ಬಂತು. ಆ ಸ್ಟೀಲಿನ ತಟ್ಟೆಯನ್ನು ಮನೆಯಲ್ಲಿ ಯಾರೂ ಕೈಗೆತ್ತಿಕೊಂಡು ನೋಡಲಿಲ್ಲ.

"ಮಗಳಿಗೆ ಇದನ್ನೇನಾ ಕಲಿಸೋದು?" ಎಂದು ಪ್ರಸನ್ನ ಕುಮಾರ್ ಹೆಂಡತಿಯ ಮೇಲೆ ಹರಿಹಾಯ್ದ. "ಮನೆ ಮಾನ ಮೈಕಲ್ಲಿ ಹಾಕಿದ್ಲಲ್ಲ!"

"ಅವಳು ಸುಳ್ಳು ಹೇಳ್ಲಿಲ್ವಲ್ಲ ರೀ."

"ನಿಜ ಆದ್ರೆ ಬೀದೀಲಿ ಹೇಳಬೇಕಾ? ನನ್ನ ಆಫೀಸಿನವರು ಇದ್ರು ಅಲ್ಲಿ. ನಿಮ್ಮ ತಾಯಿ ಯಾರು ಸಾರ್ ಅಂತ ನಾಳೆ ಕೇಳ್ತಾರೆ."

ಕೇಳಿದರೋ ಇಲ್ಲವೋ ತಿಳಿಯದು. ಊರವರು ಮಾತ್ರ ಸುಮ್ಮನಿರಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಹನುಮಯ್ಯ ಎಂದಿನಂತೆ ಟೀ ಅಂಗಡಿಗೆ ಹೋದಾಗ, ಅಂಗಡಿಯ ಚೇತನ್ ಕುಮಾರ್ ಎದ್ದು ನಿಂತು ಬಗ್ಗಿ ಸಲಾಮು ಹೊಡೆದ. "ಬಾದಶಾ ಬಂದ್ರು ಕಣ್ರಲೇ, ಜಾಗ ಬಿಡ್ರಿ!" ಕೂತಿದ್ದವರೆಲ್ಲ ಹೋ ಎಂದು ನಕ್ಕರು. ಎಪ್ಪತ್ತೇಳು ವರ್ಷದ ಮುದುಕರು ಲೋಟ ಮುಟ್ಟದೆ ಹಿಂತಿರುಗಿದರು. ಅವತ್ತಿನಿಂದ ಅವರು ಅಂಗಡಿ ಕಡೆ ಹೋಗಲಿಲ್ಲ. ಹೊಲಕ್ಕೆ ಹೋಗಬೇಕಾದರೂ ಊರ ಹಿಂದಿನ ಬಳಸುದಾರಿ ಹಿಡಿದರು. ಮೊಮ್ಮಗಳು ಎದುರಿಗೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಧನಲಕ್ಷ್ಮಿ ಎರಡು ಸಲ ಕಾಲು ಹಿಡಿದಳು. "ಬುಡು ತಾಯಿ, ನೀನು ಓದ್ದೋಳು," ಎಂದರು, ಅಷ್ಟೇ.

ಮೂರು ವಾರ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಹುಣಸೆಮರದ ಹತ್ತಿರ ಕುಸಿದು ಕೂತಿದ್ದವರನ್ನು ಯಾರೋ ನೋಡಿ ಕೂಗಿದರು. ಆಟೋದಲ್ಲಿ ಶಿರಾ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಹೆಣದ ಮುಂದೆ ಹನುಮಕ್ಕ ಎದೆ ಬಡಿದುಕೊಂಡು ಅತ್ತಳು. ಅಳುವಿನ ನಡುವೆಯೇ ಸೊಸೆಯ ಕಡೆ ಕೈ ತೋರಿಸಿದಳು. "ಇವಳ ಮಗ್ಳ ನಾಲಿಗೆ ತಗಂತು ನನ್ ಗಂಡನ್ನ! ಓದ್ಸಿದ್ರಲ್ಲ, ಓದ್ಸಿ ಓದ್ಸಿ ತಂದಿಟ್ರಲ್ಲ!" ಬಂದ ನೆಂಟರಿಷ್ಟರೆಲ್ಲ ವನಜಾಕ್ಷಿಯನ್ನೇ ನೋಡಿದರು. ಅವಳು ಕಂಬಕ್ಕೆ ಒರಗಿ ನಿಂತಳು. ಹೃದಯದ ಕಾಯಿಲೆ ನಾಲ್ಕು ವರ್ಷದಿಂದ ಇತ್ತು, ಮಾತ್ರೆ ನುಂಗುತ್ತಿದ್ದರು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ ಎಂದು ಅವಳಿಗೇ ಅನ್ನಿಸತೊಡಗಿತ್ತು.

ಹನ್ನೊಂದನೇ ದಿನ ಹೆಂಗಸರು ಹನುಮಕ್ಕನನ್ನು ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸಿದರು. ಆಗ ಯಾರೋ, "ಚಿಕ್ಕೋಳ್ನೂ ಕರೀರಿ," ಎಂದರು. ಬಳೆ ಒಡೆಯುವವಳು ಲಕ್ಷ್ಮೀದೇವಿಯನ್ನು ಕೈ ಹಿಡಿದು ತಂದು ಅಕ್ಕನ ಪಕ್ಕದಲ್ಲೇ ಇನ್ನೊಂದು ಮಣೆ ಹಾಕಿ ಕೂರಿಸಿದಳು. ನಲವತ್ತಾರು ವರ್ಷದಲ್ಲಿ ಇಬ್ಬರೂ ಊರವರ ಮುಂದೆ ಹೆಂಡತಿಯರೆಂದು ಜೊತೆಗೆ ಕೂತದ್ದು ಅದೇ ಮೊದಲು. ಕುಂಕುಮ ಒರೆಸಿದರು. ತಾಳಿ ತೆಗೆದರು. ಬಳೆಯ ಚೂರು ತಾಗಿ ಲಕ್ಷ್ಮೀದೇವಿಯ ಮಣಿಕಟ್ಟಿನಲ್ಲಿ ರಕ್ತ ಬಂತು. ವನಜಾಕ್ಷಿ ಅರಿಶಿನ ತಂದು ಒತ್ತಿದಳು.

ತಿಥಿ ಮುಗಿದು ಎರಡು ವಾರಕ್ಕೆ ಪ್ರಸನ್ನ ಕುಮಾರ್ ಅರ್ಜಿ ನಮೂನೆ ತಂದ. ಹೊಲದ ಖಾತೆಯನ್ನು ಅಪ್ಪನ ಹೆಸರಿನಿಂದ ಬದಲಾಯಿಸಬೇಕಿತ್ತು. ಅದಕ್ಕೆ ವಂಶವೃಕ್ಷದ ಪತ್ರ ಬೇಕು: ಸತ್ತವರ ಹೆಂಡತಿ ಯಾರು, ಮಕ್ಕಳು ಯಾರು ಎಂದು ಬರೆದು, ಗ್ರಾಮ ಆಡಳಿತಾಧಿಕಾರಿಯ ಮುಂದೆ ಊರಿನ ಮೂವರು ಸಾಕ್ಷಿ ಹಾಕಬೇಕು.

"ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ," ಎಂದು ವನಜಾಕ್ಷಿಯ ಮುಂದೆ ಇಟ್ಟ.

ಅವನು ಸ್ನಾನಕ್ಕೆ ಹೋದಾಗ ಲಕ್ಷ್ಮೀದೇವಿ ಬಂದಳು. ಕೈಯಲ್ಲಿ ಕಾಫಿ ಲೋಟ. ಅದನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

"ಅದ್ರಾಗೆ ನನ್ ಹೆಸ್ರೂ ಬರಿಯವ್ವ."

ವನಜಾಕ್ಷಿ ತಲೆಯೆತ್ತಿದಳು.

"ಜಮೀನು ಬ್ಯಾಡ. ಬೇಕಾದ್ರೆ ಬ್ಯಾಡ ಅಂತ ಇನ್ನೊಂದು ಕಾಗ್ದದಾಗೆ ಬರ್ಕೊಡ್ತೀನಿ. ರೇಷನ್ ಕಾರ್ಡ್ನಾಗೆ ಅಕ್ಕನ ತಂಗಿ ಅಂತ ಐತೆ. ಆಧಾರ್‌ನಾಗೆ ನಮ್ಮಪ್ಪನ ಮಗಳು ಅಂತ ಐತೆ. ಅವ್ರ ಹೆಂಡ್ತಿ ಅಂತ ಎಲ್ಲೂ ಇಲ್ಲ. ಒಂದು ಗೆರೆ ಎಳ್ದು ಬರಿ. ಎಲ್ಲಿ ಎಳೀಬೇಕು ಅಂತ ನಿಂಗೇ ಗೊತ್ತಿರ್ತದೆ."

"ನೋಡ್ತೀನಿ ಚಿಕ್ಕತ್ತೆ," ಎಂದಳು ವನಜಾಕ್ಷಿ.

ಊಟದ ಹೊತ್ತಿಗೆ ವನಜಾಕ್ಷಿಯೇ ಮಾತು ತೆಗೆದಳು. ಪ್ರಸನ್ನ ಕುಮಾರ್ ಕೈ ತೊಳೆಯದೆ ಎದ್ದ.

"ಮೊದಲನೇ ಹೆಂಡ್ತಿ ಬದುಕಿದ್ದಾಗ ಆದ ಮದುವೆ ಕಾನೂನಲ್ಲಿ ಮದುವೆನೇ ಅಲ್ಲ. ಬರೆದ್ರೂ ಹೊಡೆದು ಹಾಕ್ತಾರೆ. ಅಷ್ಟೇ ಆದ್ರೆ ಹೋಗ್ಲಿ ಅನ್ನಬಹುದಿತ್ತು. ಈ ಮಗ ಯಾರಿಗೆ ಹುಟ್ಟಿದ್ದು ಅಂತ ಕೇಳಿದ್ರೆ? ನನ್ನ ಮಾರ್ಕ್ಸ್ ಕಾರ್ಡು, ಸರ್ವಿಸ್ ಪುಸ್ತಕ, ಎಲ್ಲದ್ರಲ್ಲೂ ತಾಯಿ ಹನುಮಕ್ಕ. ಇಪ್ಪತ್ತು ವರ್ಷದ ನೌಕರಿ. ಯಾವನಾದ್ರೂ ಒಂದು ಅರ್ಜಿ ಗೀಚಿದ್ರೆ ಮುಗೀತು ನನ್ನ ಕಥೆ."

"ಹಾಗೆಲ್ಲ ಆಗಲ್ಲ ರೀ. ವಕೀಲರನ್ನ ಒಂದು ಮಾತು ಕೇಳೋಣ."

"ನೀನು ಸುಮ್ನಿರು! ನಿನ್ನ ನ್ಯಾಯದಿಂದ ಒಂದು ಹೆಣ ಬಿದ್ದಿದೆ ಈ ಮನೇಲಿ."

ಹನುಮಕ್ಕ ತಂಗಿಯ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ತೆಲುಗೂ ಬರಲಿಲ್ಲ.

"ಲಕ್ಷ್ಮೀ, ನೀನು ಬಂದ ದಿನದಿಂದ ನಾನು ಏನೇನು ಹಂಚ್ಕಂಡೆ ಅಂತ ನಿಂಗೊತ್ತು. ಮಂಚ ಹಂಚ್ಕಂಡೆ. ಪಕ್ಕದ ಕ್ವಾಣೇಲಿ ಕಿವಿಗೆ ಸೆರಗು ಒತ್ಕಂಡು ಮಲಗ್ತಿದ್ದೆ. ಬಂಜೆ ಅನ್ನಿಸ್ಕಂಡೋಳು ನಾನು, ನೀನಲ್ಲ. ನಂಗುಳಿದಿದ್ದು ಅವ್ರ ಹೆಸರಿನ ಪಕ್ಕ ನನ್ ಹೆಸ್ರು ಒಂದೇ. ಅದನ್ನೂ ಹಂಚ್ಬೇಕಾ?"

ಲಕ್ಷ್ಮೀದೇವಿ ಅಕ್ಕನನ್ನು ನೋಡುತ್ತ ನಿಂತಳು. "ನಾನು ಬರ್ತೀನಿ ಅಂದಿದ್ನಾ ಅಕ್ಕ?" ಎಂದಳು. ಮತ್ತೆ ತಟ್ಟೆಗಳನ್ನು ಜೋಡಿಸಿಕೊಂಡು ಹಿತ್ತಲಿಗೆ ಹೋದಳು. ನೀರು ಸುರಿಯುವ ಸದ್ದು ಕೇಳಿತು.

ವನಜಾಕ್ಷಿ ನಾಲ್ಕು ದಿನ ಆ ನಮೂನೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದಳು. ಐದನೇ ದಿನ ಸ್ಟಾಫ್‌ರೂಮಿನಲ್ಲಿ ಕೂತು ಬರೆದಳು. ಮೇಲೆ ಚಿಕ್ಕಹನುಮಯ್ಯ, ಮೃತ. ಪಕ್ಕದಲ್ಲಿ ಹೆಂಡತಿ, ಹನುಮಕ್ಕ. ಅಲ್ಲಿಂದ ಕೆಳಗೆ ಒಂದು ಗೆರೆ. ಮಗ, ಪ್ರಸನ್ನ ಕುಮಾರ್. ಸ್ಕೇಲು ಇಟ್ಟು ಎಳೆದ ಗೆರೆ ನೆಟ್ಟಗೆ ಬಂದಿತ್ತು. ಬರೆಯುವಾಗ ಅವಳಿಗೆ ಎರಡು ಸಮಾಧಾನ ಸಿಕ್ಕವು: ಚಿಕ್ಕತ್ತೆಗೆ ಊಟ ಬಟ್ಟೆಗೆ ಏನೂ ಕೊರತೆ ಮಾಡುವುದಿಲ್ಲ, ಮನೆಯಲ್ಲಿ ಇನ್ನೊಂದು ಜಗಳ ಬೇಡ. ಇವೆರಡೂ ಎಷ್ಟು ಹಳೆಯ ಸಮಾಧಾನಗಳು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬರೆದಳು.

ಸಂಜೆ ಬಸ್ಸಿನಲ್ಲಿ ಧನಲಕ್ಷ್ಮಿ ಅಮ್ಮನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯಲು ಹೋಗಿ ಆ ಹಾಳೆ ನೋಡಿದಳು. ಪೂರ್ತಿ ಓದಿ, ಮಡಿಕೆ ಕೆಡದಂತೆ ಒಳಗಿಟ್ಟಳು.

"ಆಸ್ಥಾನದಲ್ಲಿ ಬರೆಯೋನಿಗೆ ಬಾದಶಹನ ಭಯ ಇತ್ತು," ಎಂದಳು. "ನಿಂಗೆ ಯಾರ ಭಯ ಅಮ್ಮ?"

"ಮೆತ್ತಗೆ ಮಾತಾಡು. ಬಸ್ಸಲ್ಲಿದೀವಿ."

ಹುಡುಗಿ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಳು.

ಮುಂದಿನ ಬುಧವಾರ ಗ್ರಾಮ ಆಡಳಿತಾಧಿಕಾರಿ ಬಂದ. ನವೀನ್ ಕುಮಾರ್ ಎಂದು ಹೆಸರು, ಕೊರಟಗೆರೆ ಕಡೆಯಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿರಲಿಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ವನಜಾಕ್ಷಿ ರಜೆ ಹಾಕಿದ್ದಳು. ಧನಲಕ್ಷ್ಮಿ ಬಾಗಿಲ ಹತ್ತಿರ ಗೋಡೆಗೆ ಒರಗಿದ್ದಳು. ನರಸಿಂಹರಾಜು ಮತ್ತು ಓಬಳೇಶ ಎಂಬ ಇಬ್ಬರು ಊರ ಹಿರಿಯರು ಹಾಳೆ ನೋಡಿದರು, ಏನೂ ಕೇಳದೆ ರುಜು ಹಾಕಿ ನೆಲ ನೋಡುತ್ತ ಕೂತರು. ಮೂರನೆಯವನು ಪಕ್ಕದ ಹೊಲದ ರಂಗೇಶ್. ಅವನು ಪೆನ್ನು ತೆಗೆದುಕೊಂಡ. ಆಗಲೇ ಲಕ್ಷ್ಮೀದೇವಿ ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದಳು. ರಂಗೇಶ್ ಅವಳನ್ನು ನೋಡಿದ. ಬರಿಗೈ, ಬರಿ ಹಣೆ. ಪೆನ್ನನ್ನು ಹಾಳೆಯ ಮೇಲೆ ಇಟ್ಟು ಎದ್ದುಬಿಟ್ಟ.

"ನನ್ ಕೈಲಿ ಆಗಲ್ಲ ಕಣಪ್ಪ ಪ್ರಸನ್ನ. ಆಯಕ್ಕ ಕಾಫಿ ತಂದ್ಕೊಡೋದು, ನಾನು ಕುಡ್ಕಂಡು ಇದ್ಕೆ ಸೈನ್ ಹಾಕೋದು... ಬ್ಯಾಡ." ಚಪ್ಪಲಿ ಮೆಟ್ಟಿ ಹೊರಟೇಹೋದ.

"ಏನ್ರೀ ಇದು?" ಎಂದ ನವೀನ್ ಕುಮಾರ್, ಗಡಿಯಾರ ನೋಡಿಕೊಳ್ಳುತ್ತ. "ನಂಗೆ ಇನ್ನೂ ಎರಡು ಊರಿದೆ. ಬೇರೆ ಯಾರಾದ್ರೂ ಇದ್ರೆ ಕರೀರಿ. ಮನೆ ವಿಷಯ ಗೊತ್ತಿರಬೇಕು, ಪಾಲುದಾರರಾಗಿರಬಾರದು." ಅವನ ಕಣ್ಣು ಎದುರಿಗಿದ್ದವಳ ಮೇಲೆ ಬಿತ್ತು. "ಈ ಅಜ್ಜಿ ಯಾರು?"

ಪ್ರಸನ್ನ ಕುಮಾರ್, "ನಮ್ಮ ತಾಯಿಯ ತಂಗಿ," ಎಂದ.

"ಎಷ್ಟು ವರ್ಷದಿಂದ ಇದಾರೆ ಇಲ್ಲಿ?"

"ನಲವತ್ತಾರು," ಎಂದಳು ಲಕ್ಷ್ಮೀದೇವಿಯೇ.

"ಮತ್ತಿನ್ನೇನು, ಇವರೇ ಹಾಕಲಿ. ಬನ್ನಿ ಅಜ್ಜಿ. ರುಜು ಬರುತ್ತಾ?"

"ಬತ್ತದೆ. ನಾಲ್ಕನೇ ಕ್ಲಾಸು ಓದೀನಿ."

"ಹೆಸರು ಬರ್ಕೊಳ್ತೀನಿ. ಲಕ್ಷ್ಮೀದೇವಿ... ಕೋಂ?" ಸರ್ಕಾರಿ ಕಾಗದದಲ್ಲಿ ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಬರೆಯುತ್ತಾರೆ. ಅವನು ಪೆನ್ನು ಹಿಡಿದು ಕಾದ. ಅವಳ ಹಣೆ ನೋಡಿ ದನಿ ತಗ್ಗಿಸಿದ. "ಯಜಮಾನರು ತೀರ್ಕೊಂಡಿದಾರಾ? ಅವರ ಹೆಸರು?"

ಹನುಮಕ್ಕ ಒಳಗಿನ ಬಾಗಿಲಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡಳು. ನರಸಿಂಹರಾಜು ಕೆಮ್ಮಿದ. ಒಂದು ಮಾತು, ಒಂದೇ ಹೆಸರು. ಲಕ್ಷ್ಮೀದೇವಿಯ ತುಟಿ ಅಲುಗಿತು.

"ತಂದೆ ಹೆಸರೇ ಹಾಕಿ ಸಾರ್," ಎಂದ ಪ್ರಸನ್ನ ಕುಮಾರ್ ಅವಸರದಿಂದ. "ಪರ್ವತಯ್ಯ ಅಂತ. ಬಲಸಮುದ್ರ."

ನವೀನ್ ಕುಮಾರ್ 'ಕೋಂ' ಎಂಬುದನ್ನು ಹೊಡೆದುಹಾಕಿ 'ತಂದೆ ಪರ್ವತಯ್ಯ' ಎಂದು ಬರೆದ. ಹಾಳೆಯನ್ನು ಅವಳ ಕಡೆ ತಿರುಗಿಸಿದ. ಅವನ ಪೆನ್ನಿನ ಮಸಿ ಅಲ್ಲಿಗೆ ಮುಗಿದಿತ್ತು. ವನಜಾಕ್ಷಿ ಏನೂ ಯೋಚಿಸದೆ ತನ್ನ ಪೆನ್ನು ಕೊಟ್ಟಳು.

ಲಕ್ಷ್ಮೀದೇವಿ ಪೆನ್ನು ಹಿಡಿದು ಮಗನನ್ನು ನೋಡಿದಳು. ಅವನು ಬಗ್ಗಿ, ಅವಳ ಕಿವಿಯ ಹತ್ತಿರ, ಯಾರಿಗೂ ಕೇಳದ ಹಾಗೆ, "ಹಾಕಮ್ಮ," ಎಂದ. ವನಜಾಕ್ಷಿಗೆ ಕೇಳಿಸಿತು. ಹದಿನೆಂಟು ವರ್ಷದಲ್ಲಿ ಅವನು ಚಿಕ್ಕತ್ತೆಯನ್ನು ಚಿಕ್ಕಮ್ಮ ಎನ್ನದೆ ಬರೀ ಅಮ್ಮ ಎಂದದ್ದನ್ನು ಅವಳು ಕೇಳಿದ್ದು ಇದೊಂದೇ ಸಲ.

"ಒಂದು ನಿಮಿಷ ಅಜ್ಜಿ, ನಾನು ಕೇಳಬೇಕು," ಎಂದ ಅಧಿಕಾರಿ. "ಚಿಕ್ಕಹನುಮಯ್ಯನವರ ಹೆಂಡತಿ ಹನುಮಕ್ಕ, ಅವರ ಮಗ ಪ್ರಸನ್ನ ಕುಮಾರ್. ಬೇರೆ ಯಾರೂ ಇಲ್ಲ. ಇದು ನಿಜ ಅಂತ ನಿಮಗೆ ಖುದ್ದು ಗೊತ್ತಾ?"

ಧನಲಕ್ಷ್ಮಿ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತಳು. "ಚಿಕ್ಕಜ್ಜಿ..." ಎಂದಳು.

ಲಕ್ಷ್ಮೀದೇವಿ ಅವಳ ಕಡೆ ತಿರುಗಲಿಲ್ಲ.

"ಗೊತ್ತು ಕಣಪ್ಪ," ಎಂದಳು. "ಇವನು ಹುಟ್ಟುವಾಗ ನಾನೇ ಇದ್ನಲ್ಲ."

ಮತ್ತೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, ಒತ್ತು ದೀರ್ಘ ಯಾವುದನ್ನೂ ಬಿಡದೆ ತನ್ನ ಹೆಸರು ಬರೆದಳು. ಅಧಿಕಾರಿ ಹಾಳೆ ಮಡಿಸಿ ಫೈಲಿಗೆ ಹಾಕಿಕೊಂಡು, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಬೈಕ್ ಹತ್ತಿದ. ಪ್ರಸನ್ನ ಕುಮಾರ್ ಅವನ ಹಿಂದೆ ಬೀದಿಯವರೆಗೆ ಹೋದ. ಹನುಮಕ್ಕ ಬಾಗಿಲಲ್ಲೇ ಕುಸಿದು ಕೂತು, ಶಬ್ದವಿಲ್ಲದೆ ಅಳುತ್ತಿದ್ದಳು.

ಲಕ್ಷ್ಮೀದೇವಿ ಲೋಟಗಳನ್ನು ತಟ್ಟೆಗೆ ಎತ್ತಿಟ್ಟುಕೊಂಡಳು. ಸೊಸೆಯ ಮುಂದೆ ಬಂದು ನಿಂತು ಪೆನ್ನು ಚಾಚಿದಳು.

"ತಗಳವ್ವ, ನಿನ್ ಪೆನ್ನು. ಚೆನ್ನಾಗಿ ಬರೀತೈತೆ."

ವನಜಾಕ್ಷಿಯ ಕೈ ಮೇಲೇಳಲಿಲ್ಲ.